ಮಗುವಿನ ತಪ್ಪು ಯಾರ ವಶದಲ್ಲಿರಬೇಕು?



ಕಳೆದ ಶೈಕ್ಷಣಿಕ ವರ್ಷದ ಆರಂಭದಲ್ಲಿ ನಮ್ಮ ಭಾಗದ ಶಾಲೆಯೊಂದರ ಪೋಷಕರ ಸಭೆಯಲ್ಲಿ ನಾನೂ ಕುಳಿತಿದ್ದೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಕಡೆಗಳಿಂದ ಮಕ್ಕಳು ಬರುವ ಶಾಲೆ ಅದು. ಅಂದು ಚರ್ಚೆಗಿದ್ದ ವಿಷಯ, ಶಾಲೆ ಹೊಸದಾಗಿ ತರಲಿರುವ ಒಂದು ತಂತ್ರಾಂಶ. ಪಾಠ, ಮನೆಗೆಲಸ, ಕಿರುಪರೀಕ್ಷೆ, ಅಂಕ, ಹಾಜರಿ ಇವೆಲ್ಲವನ್ನೂ ಒಂದೇ ಕಡೆ ಜೋಡಿಸಿಟ್ಟು, ಶಿಕ್ಷಕರಿಗೂ ಮಕ್ಕಳಿಗೂ ಪೋಷಕರಿಗೂ ಮೊಬೈಲಿನಲ್ಲಿ ತೋರಿಸುವ ವ್ಯವಸ್ಥೆ. ಎಲ್.ಎಂ.ಎಸ್. ಎಂದು ಅದನ್ನು ಕರೆಯುತ್ತಾರೆ. ಕಲಿಕಾ ನಿರ್ವಹಣಾ ತಂತ್ರಾಂಶ ಎಂದು ನಾವು ಕರೆಯಬಹುದು.

ಅದನ್ನು ಆರಿಸುವ ಸಮಿತಿಯಲ್ಲಿ ನಾನೂ ಒಬ್ಬ. ಮೂರು ಕಂಪನಿಗಳವರು ಬಂದು ಪರದೆಯ ಮೇಲೆ ತಮ್ಮ ತಮ್ಮ ಸರಕನ್ನು ತೋರಿಸಿ ಹೋಗಿದ್ದರು. ನಾವು ಬೆಲೆಯನ್ನು ನೋಡಿದೆವು, ಬಳಸುವುದು ಸುಲಭವೇ ಎಂದು ನೋಡಿದೆವು, ಕಚೇರಿಯ ಕೆಲಸ ಎಷ್ಟು ಹಗುರವಾದೀತೆಂದು ಲೆಕ್ಕ ಹಾಕಿದೆವು. ಸಭೆಯ ಕೊನೆಯಲ್ಲಿ ಪೋಷಕರಿಗೆ ಒಪ್ಪಿಗೆ ಪತ್ರವನ್ನು ಹಂಚಲಾಯಿತು. ಆರು ಪುಟ, ಸಣ್ಣ ಅಕ್ಷರ, ಇಂಗ್ಲಿಷ್ ಭಾಷೆ. ಬಹುತೇಕರು ನೇರವಾಗಿ ಕೊನೆಯ ಪುಟ ತೆರೆದು ಸಹಿ ಮಾಡಿದರು. ಅಜ್ಜಂಪುರದ ಕಡೆಯಿಂದ ಬಂದಿದ್ದ ಒಬ್ಬ ತಾಯಿ ಮಾತ್ರ ಪತ್ರವನ್ನು ಹಿಡಿದುಕೊಂಡೇ ನನ್ನ ಬಳಿಗೆ ಬಂದರು.

"ಫಾದರ್, ನನ್ನ ಮಗ ಮನೇಲಿ ಕೂತು ತಪ್ಪು ತಪ್ಪಾಗಿ ಲೆಕ್ಕ ಮಾಡ್ತಾನಲ್ಲ, ಅದೂ ಇದರಲ್ಲಿ ಉಳ್ಕೊಳ್ಳುತ್ತಾ? ಎಷ್ಟು ವರ್ಷ ಉಳಿಯುತ್ತೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಆರು ಪುಟಗಳನ್ನು ನಾನೂ ಓದಿರಲಿಲ್ಲ.

ಆ ತಾಯಿಯ ಪ್ರಶ್ನೆಯನ್ನು ಕೆಲವರು ನಕ್ಕು ಬಿಟ್ಟರು. ಶಾಲೆಯೆಂದ ಮೇಲೆ ದಾಖಲೆ ಇದ್ದೇ ಇರುತ್ತದಲ್ಲವೇ? ದಾಖಲಾತಿ ಪುಸ್ತಕವಿದೆ, ಹಾಜರಿ ಪುಸ್ತಕವಿದೆ, ವರ್ಗಾವಣೆ ಪತ್ರವಿದೆ, ಅಂಕಪಟ್ಟಿಯಿದೆ. ಐವತ್ತು ವರ್ಷದ ಹಿಂದೆ ಓದಿದವರ ಹೆಸರನ್ನೂ ಹಳೆಯ ಶಾಲೆಗಳಲ್ಲಿ ಹುಡುಕಿ ತೆಗೆಯಬಹುದು. ಆದರೆ ಆ ಪುಸ್ತಕಗಳೆಲ್ಲ ದಾಖಲಿಸುವುದು ಫಲಿತಾಂಶವನ್ನು. ಮಗು ತೇರ್ಗಡೆಯಾಯಿತು, ಇಷ್ಟು ಅಂಕ ಬಂತು, ಇಂಥ ದಿನ ಶಾಲೆ ಬಿಟ್ಟಿತು, ಅಷ್ಟೆ. ತಂತ್ರಾಂಶ ದಾಖಲಿಸುವುದು ಕಲಿಕೆಯ ದಾರಿಯನ್ನು. ಮಗು ಪಾಠವನ್ನು ಎಷ್ಟು ಗಂಟೆಗೆ ತೆರೆಯಿತು, ಎಷ್ಟು ಹೊತ್ತಿನಲ್ಲಿ ಮುಚ್ಚಿತು, ಒಂದೇ ಪ್ರಶ್ನೆಗೆ ಎಷ್ಟು ಸಲ ತಪ್ಪು ಉತ್ತರ ಒತ್ತಿತು, ಗಡುವು ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಮನೆಗೆಲಸ ಕಳಿಸಿತೇ, ಇವೆಲ್ಲವೂ ಅಲ್ಲಿ ಒಂದು ಸಾಲಾಗಿ ಕುಳಿತುಕೊಳ್ಳುತ್ತವೆ. ಮನುಷ್ಯನ ಇತಿಹಾಸದಲ್ಲಿ ಯಾವ ಗುರುವೂ ಶಿಷ್ಯನ ಬಗ್ಗೆ ಇಷ್ಟನ್ನು ಬರೆದಿಟ್ಟುಕೊಂಡಿರಲಿಲ್ಲ. ಬರೆದಿಡಬೇಕೆಂದು ಯಾರಿಗೂ ತೋರಿರಲೂ ಇಲ್ಲ.

ನಾವು ಕಲಿತ ಬಗೆಯನ್ನು ಸ್ವಲ್ಪ ನೆನೆಯೋಣ. ನಮ್ಮ ಅಜ್ಜಂದಿರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ಅಂಗೈ ಆಡಿಸಿದರೆ ತಪ್ಪು ಮಾಯ. ನಮ್ಮ ಕಾಲಕ್ಕೆ ಸ್ಲೇಟು ಬಂತು, ಒದ್ದೆ ಬಟ್ಟೆ ಸಾಕಾಗುತ್ತಿತ್ತು, ಬಟ್ಟೆಯಿಲ್ಲದಿದ್ದರೆ ಎಂಜಲು. ಆಮೇಲೆ ನೋಟ್‌ಬುಕ್ ಬಂತು, ಮೇಷ್ಟರ ಕೆಂಪು ಶಾಯಿ ಬಂತು. ಆದರೆ ಅದಕ್ಕೂ ಒಂದು ಅಂತ್ಯವಿತ್ತು. ಏಪ್ರಿಲ್ ತಿಂಗಳಲ್ಲಿ ಅಮ್ಮ ಅವನ್ನೆಲ್ಲ ಕಟ್ಟಿ ಹಳೇ ಪೇಪರ್ ಅಂಗಡಿಗೆ ತೂಕಕ್ಕೆ ಹಾಕುತ್ತಿದ್ದರು. ನಾನು ಏಳನೆಯ ತರಗತಿಯ ಬೀಜಗಣಿತದಲ್ಲಿ ಮಾಡಿದ ತಪ್ಪುಗಳು ಯಾವ ಊರಿನ ಯಾವ ಅಂಗಡಿಯಲ್ಲಿ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಹೀರಿದವೋ ದೇವರೇ ಬಲ್ಲ. ಅವು ಹಾಗೆ ಅಳಿದುಹೋದದ್ದರಿಂದಲೇ ಎಂಟನೆಯ ತರಗತಿಯ ಮೇಷ್ಟರು ನನ್ನನ್ನು ಹೊಸ ಹುಡುಗನಂತೆ ನೋಡಲು ಸಾಧ್ಯವಾಯಿತು.

ಒಳ್ಳೆಯ ಶಿಕ್ಷಕನಿಗೆ ಒಂದು ಬಗೆಯ ಮರೆವು ಇರಬೇಕಾಗುತ್ತದೆ. ಜೂನ್ ತಿಂಗಳಲ್ಲಿ ತರಗತಿಗೆ ಕಾಲಿಡುವ ಮೊದಲೇ, ಈ ಮಗು ಕಳೆದ ಮೂರು ವರ್ಷಗಳಲ್ಲಿ ಎಲ್ಲೆಲ್ಲಿ ಎಡವಿದೆ ಎಂಬ ಪಟ್ಟಿ ಕೈಯಲ್ಲಿದ್ದರೆ, ಆತ ನೋಡುವುದು ಮಗುವನ್ನೋ ಪಟ್ಟಿಯನ್ನೋ? ದಡ್ಡ ಎಂಬ ಮಾತು ಹಿಂದೆ ಮೇಷ್ಟರ ಬಾಯಿಂದ ಬಂದು ಗಾಳಿಯಲ್ಲಿ ಕರಗುತ್ತಿತ್ತು. ಈಗ ಅದು ಬಣ್ಣದ ಗೆರೆಯಾಗಿ ಮುಂದಿನ ತರಗತಿಗೆ ಮಗುವಿನ ಜೊತೆಯಲ್ಲೇ ಹೋಗುತ್ತದೆ.

ಈ ವಿಷಯದಲ್ಲಿ ಒಬ್ಬ ಗುರುವಾಗಿ ನನಗೆ ಕಾಣುವ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಧರ್ಮಸಭೆ ದಾಖಲೆಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಾವ ಧರ್ಮಕೇಂದ್ರಕ್ಕೆ ಹೋದರೂ ಜ್ಞಾನಸ್ನಾನದ ಪುಸ್ತಕವಿದೆ, ವಿವಾಹದ ಪುಸ್ತಕವಿದೆ, ಮರಣದ ಪುಸ್ತಕವಿದೆ. ಆದರೆ ಪಾಪನಿವೇದನೆಗೆ ಪುಸ್ತಕವಿಲ್ಲ. ಯಾರು ಬಂದರು, ಏನು ಹೇಳಿದರು, ಎಷ್ಟನೆಯ ಸಲ ಹೇಳಿದರು ಎಂದು ಯಾವ ಗುರುವೂ ಬರೆದಿಡುವುದಿಲ್ಲ, ಬರೆದಿಡುವಂತಿಲ್ಲ. ಯೊವಾನ್ನನ ಶುಭಸಂದೇಶದಲ್ಲಿ ಯೇಸುಸ್ವಾಮಿ ಬರೆದರೆಂದು ಹೇಳುವುದು ಒಂದೇ ಒಂದು ಪ್ರಸಂಗದಲ್ಲಿ. ಎಂಟನೆಯ ಅಧ್ಯಾಯದಲ್ಲಿ, ತಪ್ಪಿತಸ್ಥಳೆಂದು ಒಬ್ಬ ಹೆಂಗಸನ್ನು ಎಳೆದು ತಂದು ಎಲ್ಲರ ನಡುವೆ ನಿಲ್ಲಿಸಿದಾಗ, ಅವರು ಬಾಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಾರೆ. ಏನು ಬರೆದರೆಂದು ಯಾರಿಗೂ ತಿಳಿಯದು. ಬರೆದದ್ದು ಮಣ್ಣಿನ ಮೇಲೆ. ಯಾವುದನ್ನು ಬರೆದಿಡಬೇಕು, ಯಾವುದನ್ನು ಬರೆದಿಡಬಾರದು ಎಂಬ ವಿವೇಕ ನಮ್ಮ ಪರಂಪರೆಗೆ ಹೊಸದೇನಲ್ಲ. ಶಾಲೆಯ ಕಚೇರಿಗೆ ಬಂದಾಗ ಮಾತ್ರ ನಾವದನ್ನು ಮರೆತೆವು.

ಹಾಗಾದರೆ ಈ ತಂತ್ರಾಂಶಗಳೇ ಬೇಡವೇ? ಹಾಗೆ ಹೇಳಲು ನಾನು ಸಿದ್ಧನಿಲ್ಲ. ನಮ್ಮ ಬಯಲುಸೀಮೆಯ ಹಳ್ಳಿ, ತಾಂಡಾಗಳಿಂದ ಕಾಫಿ ಕೊಯ್ಲಿನ ದಿನಗಳಲ್ಲಿ ಎಷ್ಟೋ ಕುಟುಂಬಗಳು ಮಲೆನಾಡಿನ ತೋಟಗಳಿಗೆ ಹೋಗುತ್ತವೆ. ಮಕ್ಕಳೂ ಹೋಗುತ್ತಾರೆ. ಎರಡು ಮೂರು ತಿಂಗಳು ಪಾಠ ತಪ್ಪಿದ ಮಗು ಮಾರ್ಚಿನಲ್ಲಿ ಬಂದು ಪರೀಕ್ಷೆಗೆ ಕೂರುವುದು ಹೇಗೆ? ಪಾಠ ಆ ಮಗುವಿನ ಬೆನ್ನ ಹಿಂದೆಯೇ ಹೋಗುವಂತಿದ್ದರೆ ಅದನ್ನು ಬೇಡವೆನ್ನಲು ನಾನಾರು?

ಇಲ್ಲಿ ಮೂಡಲ್ ಎಂಬ ತಂತ್ರಾಂಶದ ಕಥೆ ನೆನಪಾಗುತ್ತದೆ. ಅದನ್ನು ರಚಿಸಿದ ಮಾರ್ಟಿನ್ ಡೂಗಿಯಾಮಸ್ ಆಸ್ಟ್ರೇಲಿಯಾದವರು. ಅವರು ಬಾಲ್ಯವನ್ನು ಕಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ಒಂಟಿ ನೆಲೆಯಲ್ಲಿ. ಸಮೀಪದಲ್ಲೆಲ್ಲೂ ಶಾಲೆಯಿರಲಿಲ್ಲ, ರೇಡಿಯೋ ಮೂಲಕ ಪಾಠ ಕೇಳಿ, ವಿಮಾನದಲ್ಲಿ ಬರುತ್ತಿದ್ದ ಪುಸ್ತಕಗಳನ್ನು ಓದಿ ಕಲಿತರು. ಶಾಲೆಯಿಂದ ದೂರವಿದ್ದ ಆ ಹುಡುಗನೇ ಮುಂದೆ 2002ರಲ್ಲಿ ಮೂಡಲ್‌ನ ಮೊದಲ ಪೂರ್ಣ ಆವೃತ್ತಿಯನ್ನು ಲೋಕಕ್ಕೆ ಕೊಟ್ಟ, ಅದೂ ಯಾರು ಬೇಕಾದರೂ ಪಡೆದು, ಬಿಚ್ಚಿ ನೋಡಿ, ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಮುಕ್ತ ಪರವಾನಗಿಯಲ್ಲಿ. ತರಗತಿಯ ಹೊರಗುಳಿದ ಮಗುವನ್ನು ತಲುಪುವುದು ಇಂಥ ತಂತ್ರಾಂಶದ ನಿಜವಾದ ಉಪಯೋಗ.

ಶಿಕ್ಷಕರ ಪರವಾಗಿಯೂ ಒಂದು ಮಾತು. ಐವತ್ತು ಅರವತ್ತು ಮಕ್ಕಳಿರುವ ತರಗತಿಯಲ್ಲಿ ಭಿನ್ನರಾಶಿ ಯಾರಿಗೆ ಅರ್ಥವಾಗಿಲ್ಲವೆಂದು ಪತ್ತೆ ಹಚ್ಚುವುದು ಸುಲಭವಲ್ಲ. ತಂತ್ರಾಂಶ ಅದನ್ನು ಸಂಜೆಯೊಳಗೆ ತೋರಿಸುತ್ತದೆ. ತಪ್ಪನ್ನು ಗುರುತಿಸದೆ ತಿದ್ದುವುದಾದರೂ ಹೇಗೆ? ಆದ್ದರಿಂದ ತಪ್ಪನ್ನು ದಾಖಲಿಸಲೇಬಾರದೆಂದು ನಾನು ವಾದಿಸುವುದಿಲ್ಲ. ತಿದ್ದಿದ ಮೇಲೂ ಅದನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗಿದೆ ಎಂಬುದಷ್ಟೇ ನನ್ನ ಪ್ರಶ್ನೆ. ವೈದ್ಯರು ಗಾಯಕ್ಕೆ ಕಟ್ಟಿದ ಬಟ್ಟೆಯನ್ನು ಗಾಯ ಮಾಗಿದ ಮೇಲೆ ಬಿಚ್ಚುತ್ತಾರೆ.

ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ಎಡ್ಮೋಡೊ ಎಂಬ ಸೇವೆಯನ್ನು ಜಗತ್ತಿನ ಕೋಟ್ಯಂತರ ಶಿಕ್ಷಕರು, ಮಕ್ಕಳು ಬಳಸಿದರು. ಹಣ ಕೊಡಬೇಕಾಗಿರಲಿಲ್ಲ. 2017ರಲ್ಲಿ ಅದರ 7 ಕೋಟಿಗೂ ಹೆಚ್ಚು ಖಾತೆಗಳ ಮಾಹಿತಿ ಕಳುವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಸೇವೆಯೇ ಮುಚ್ಚಿಹೋಯಿತು. ವರ್ಷಗಟ್ಟಲೆ ಪಾಠಗಳನ್ನು ಅಲ್ಲಿ ಜೋಡಿಸಿಟ್ಟಿದ್ದ ಶಿಕ್ಷಕರು ಬೇರೆ ನೆಲೆ ಹುಡುಕಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿಯನ್ನು ಸಂಗ್ರಹಿಸಿ ಜಾಹೀರಾತಿಗೆ ಬಳಸಿತೆಂದು ಆ ಕಂಪನಿಯ ಮೇಲೆ 60 ಲಕ್ಷ ಡಾಲರ್ ದಂಡದ ಕ್ರಮ ಕೈಗೊಂಡಿತು. ಆಯೋಗ ಎತ್ತಿ ತೋರಿಸಿದ ಇನ್ನೊಂದು ಅಂಶ ನನ್ನನ್ನು ಚುಚ್ಚಿತು: ಒಪ್ಪಿಗೆ ಪಡೆಯುವ ತನ್ನ ಹೊಣೆಯನ್ನು ಕಂಪನಿ ಶಾಲೆಗಳ ಹೆಗಲಿಗೆ ದಾಟಿಸಿತ್ತು. ನಮ್ಮ ಸಭೆಯಲ್ಲಿ ಪತ್ರ ಹಂಚಿದವರು ಯಾರು? ನಾವೇ.

ಇನ್ನೊಂದು ಘಟನೆ ಆ ತಾಯಿಯ ಪ್ರಶ್ನೆಗೆ ನೇರವಾಗಿ ಸೇರುತ್ತದೆ. 2024ರ ಡಿಸೆಂಬರ್‌ನಲ್ಲಿ, ಉತ್ತರ ಅಮೆರಿಕದ ಸಾವಿರಾರು ಶಾಲೆಗಳು ವಿದ್ಯಾರ್ಥಿ ದಾಖಲೆಗಳನ್ನಿಡಲು ಬಳಸುವ ಪವರ್‌ಸ್ಕೂಲ್ ಎಂಬ ತಂತ್ರಾಂಶಕ್ಕೆ ಕನ್ನ ಬಿತ್ತು. ಕೆನಡಾದ ಟೊರಾಂಟೊ ನಗರದ ಶಾಲಾ ಮಂಡಳಿ ತನ್ನ ಕಡೆಯ ನಷ್ಟವನ್ನು ಪರಿಶೀಲಿಸಿದಾಗ, ಕಳುವಾದ ಮಾಹಿತಿ 1985ರಷ್ಟು ಹಿಂದಿನದೂ ಇತ್ತೆಂದು ತಿಳಿದುಬಂತು. 1985ರಲ್ಲಿ ಆ ಶಾಲೆಗಳಲ್ಲಿ ಓದುತ್ತಿದ್ದ ಬಾಲಕರಿಗೆ ಈಗ ನನ್ನ ಹತ್ತಿರ ಹತ್ತಿರದ ವಯಸ್ಸು. ತಮ್ಮ ಬಾಲ್ಯ ಇನ್ನೂ ಯಾರದೋ ಗಣಕಯಂತ್ರದಲ್ಲಿ ಕುಳಿತಿದೆ ಎಂಬುದೇ ಅವರಿಗೆ ತಿಳಿದಿರಲಿಕ್ಕಿಲ್ಲ. ಇದರಲ್ಲಿ ಆರೋಪಿಯಾಗಿ ಸಿಕ್ಕಿಬಿದ್ದವನು ಹತ್ತೊಂಬತ್ತರ ಹರೆಯದ ಕಾಲೇಜು ವಿದ್ಯಾರ್ಥಿ. ಕಳ್ಳನ ತಪ್ಪು ಕಳ್ಳನದು, ನಿಜ. ಆದರೆ ನಲವತ್ತು ವರ್ಷ ಇಟ್ಟುಕೊಳ್ಳದಿದ್ದರೆ ಅಷ್ಟನ್ನು ಕದಿಯಲು ಅವನಿಗೂ ಸಾಧ್ಯವಿರಲಿಲ್ಲ.

ಉಚಿತ ಎಂಬ ಮಾತಿನ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ನಮ್ಮ ಸಮಿತಿಯಲ್ಲಿ ಅದೇ ಹೆಚ್ಚು ತೂಗಿತು. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ಶಾಲೆಗಳಿಗೆ ಉಚಿತ, ಕಲಿಯಲೂ ಸುಲಭ. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಮೊದಲು ಎಷ್ಟು ಬೇಕಾದರೂ ಸಂಗ್ರಹಿಸಿಡಲು ಅವಕಾಶ ಕೊಟ್ಟಿತ್ತು. 2022ರಿಂದ ಒಂದು ಸಂಸ್ಥೆಗೆ 100 ಟೆರಾಬೈಟ್ ಎಂಬ ಮಿತಿ ಬಂತು. ನಮ್ಮಂಥ ಸಣ್ಣ ಶಾಲೆಗೆ ಅದು ಧಾರಾಳವಾಯಿತು; ದೂರಲು ಕಾರಣವಿಲ್ಲ. ಆದರೂ ಕೊಡುವ ಕೈ ಎಷ್ಟು ಕೊಡಬೇಕೆಂದು ತಾನೇ ತೀರ್ಮಾನಿಸುತ್ತದೆ ಎಂಬುದನ್ನು ನೆನಪಿಡಬೇಕು. ಕಡೂರಿನ ರೈತರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಟ್ಯಾಂಕರ್ ನೀರು ಬಾಗಿಲಿಗೆ ಬರುತ್ತದೆ, ಕೊಡ ಹಿಡಿದರೆ ಸಾಕು; ಆದರೆ ಟ್ಯಾಂಕರ್ ಬರದ ದಿನ ಏನೂ ಇಲ್ಲ. ಊರ ಕೆರೆ ಹಾಗಲ್ಲ. ಸಖರಾಯಪಟ್ಟಣದ ಅಯ್ಯನಕೆರೆಯಾಗಲಿ ನಮ್ಮೂರಿನ ಸಣ್ಣ ಕಟ್ಟೆಯಾಗಲಿ, ನೀರಿಗೆ ಬೆಲೆಯಿಲ್ಲ, ಆದರೆ ಹೂಳು ತೆಗೆಯಬೇಕು, ಏರಿ ಕಾಯಬೇಕು. ಮೂಡಲ್‌ನಂಥ ಮುಕ್ತ ತಂತ್ರಾಂಶ ಕೆರೆಯ ಜಾತಿಯದು. ಅದಕ್ಕೆ ಸರ್ವರ್ ಬಾಡಿಗೆ ಕಟ್ಟಬೇಕು, ನೋಡಿಕೊಳ್ಳಲು ಒಬ್ಬರು ಬೇಕು. ಮಕ್ಕಳ ಪ್ರತಿ ಹೆಜ್ಜೆಯನ್ನೂ ಅದೂ ದಾಖಲಿಸುತ್ತದೆ; ಆ ವಿಷಯದಲ್ಲಿ ಅದೇನೂ ಸಂತನಲ್ಲ. ಆದರೆ ಆ ದಾಖಲೆಯನ್ನು ಎಷ್ಟು ದಿನ ಇಡಬೇಕು, ಯಾವಾಗ ಅಳಿಸಬೇಕು ಎಂಬುದನ್ನು ಶಾಲೆಯೇ ನಿಗದಿಪಡಿಸಬಹುದು. ಅಳಿಸುವ ಅಧಿಕಾರ ಶಾಲೆಯ ಕೈಯಲ್ಲೇ ಉಳಿಯುತ್ತದೆ. ಹೂಳು ತೆಗೆಯುವ ಶ್ರಮಕ್ಕೆ ಆ ಶಾಲೆ ಸಿದ್ಧವಿದೆಯೇ ಎಂಬುದು ಬೇರೆ ಪ್ರಶ್ನೆ. ಸಿದ್ಧವಿಲ್ಲದೆ ಕೆರೆ ಕಟ್ಟಿಸಿದರೆ ಅದು ಸೊಳ್ಳೆ ಸಾಕುವ ಹೊಂಡವಾಗುತ್ತದೆ.

2021ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತನ್ನ 400ಕ್ಕೂ ಹೆಚ್ಚು ಪ್ರಥಮ ದರ್ಜೆ ಕಾಲೇಜುಗಳಿಗಾಗಿ ಕರ್ನಾಟಕ ಎಲ್.ಎಂ.ಎಸ್. ಯೋಜನೆಗೆ ಚಾಲನೆ ಕೊಟ್ಟಿತು. ಕಾಲೇಜು ಹುಡುಗರ ಮಾತು ಬೇರೆ. ಅವರು ತಮ್ಮ ಪರವಾಗಿ ತಾವೇ ಕೇಳಬಲ್ಲರು. ಒಂಬತ್ತು ವರ್ಷದ ಮಗು ಕೇಳಲಾರದು. ಈ ಆಯ್ಕೆಯ ನೈತಿಕ ತೊಡಕು ಇರುವುದು ಅಲ್ಲಿಯೇ: ಆರಿಸುವವರು ನಾವು, ಅನುಭವಿಸುವುದು ಮಗು. ಸಮಿತಿಯ ಕೊಠಡಿಯಲ್ಲಿ ಫ್ಯಾನಿನ ಕೆಳಗೆ ಕುಳಿತ ನಮಗೆಲ್ಲರಿಗೂ ಒಳ್ಳೆಯ ಮೊಬೈಲ್ ಇತ್ತು. 2020ರಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಶಾಲೆಗಳು ಮುಚ್ಚಿದವು. ಸಣ್ಣ ಮಕ್ಕಳ ಆನ್‌ಲೈನ್ ತರಗತಿಗಳನ್ನು ಸರ್ಕಾರ ಜೂನ್‌ನಲ್ಲಿ ನಿಷೇಧಿಸಿತು, ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಗಿ ಮೇಷ್ಟರುಗಳೇ ಊರೂರಿಗೆ ಹೋಗಿ ಕಟ್ಟೆಯ ಮೇಲೆ, ಜಗಲಿಯ ಮೇಲೆ ಪಾಠ ಮಾಡಿದರು; ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆ ದಿನಗಳಲ್ಲಿ ಅಪ್ಪನ ಮೊಬೈಲ್ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಸಂಜೆ ಅದು ಮನೆಗೆ ಬಂದಾಗ ಮೂವರು ಮಕ್ಕಳು ಅದಕ್ಕೆ ಕಾದಿರುತ್ತಿದ್ದರು. ಸಾಮಾನ್ಯವಾಗಿ ಹುಡುಗಿಯ ಸರದಿ ಕೊನೆಯದು. ಅಂಥ ಹುಡುಗಿ ರಾತ್ರಿ ಹನ್ನೊಂದಕ್ಕೆ ಕಳಿಸಿದ ಮನೆಗೆಲಸಕ್ಕೆ ತಂತ್ರಾಂಶ ತಡವಾಗಿದೆ ಎಂದು ಕೆಂಪು ಗುರುತು ಹಾಕುತ್ತದೆ. ಆ ಕೆಂಪು ಗುರುತಿನಲ್ಲಿ ಅಪ್ಪನ ಹೊಲವಿಲ್ಲ, ತಮ್ಮನ ಸರದಿಯಿಲ್ಲ, ಹೋಗಿದ್ದ ಕರೆಂಟಿಲ್ಲ. ಮೇಷ್ಟರು ಕೇಳಿದ್ದರೆ ಆಕೆ ಹೇಳುತ್ತಿದ್ದಳು.

ಕಾನೂನು ನಮ್ಮನ್ನು ಕಾಯುವುದಿಲ್ಲವೇ ಎಂದು ನೀವು ಕೇಳಬಹುದು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಸಾರಿತು. ಆ ದಾವೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ಅವರ ನಡವಳಿಕೆಯ ಬೆನ್ನು ಹತ್ತುವಂತಿಲ್ಲ. 2025ರ ನವೆಂಬರ್‌ನಲ್ಲಿ ನಿಯಮಗಳೂ ಪ್ರಕಟವಾದವು, ಹಂತ ಹಂತವಾಗಿ ಜಾರಿಯಾಗುವಂತೆ. ಆದರೆ ಅದೇ ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕಲಿಕೆಯ ಮತ್ತು ಮಕ್ಕಳ ಸುರಕ್ಷತೆಯ ಉದ್ದೇಶಕ್ಕೆ ವಿನಾಯಿತಿಯಿದೆ. ಅದು ತಪ್ಪೆಂದು ನಾನು ಹೇಳಲಾರೆ. ಹಾಜರಿ ತೆಗೆದುಕೊಳ್ಳಲು ಪ್ರತಿದಿನ ಒಪ್ಪಿಗೆ ಕೇಳಲಾದೀತೇ? ಆದರೆ ಕಾನೂನು ಎಲ್ಲಿ ಬೇಲಿಯನ್ನು ಸಡಿಲ ಬಿಟ್ಟಿದೆಯೋ ಅಲ್ಲಿ ಕಾವಲು ಕಾಯಬೇಕಾದದ್ದು ಶಾಲೆಯ ಮನಸ್ಸಾಕ್ಷಿ.

ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ ಶಿಕ್ಷಣ ಕುರಿತ ಘೋಷಣೆಯಲ್ಲಿ ಒತ್ತಿ ಹೇಳಿದೆ. ಅದನ್ನು ಸೆಮಿನರಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಅದೇ ನಾನು, ಆ ಮೊದಲ ಶಿಕ್ಷಕರ ಕೈಗೆ ಅವರಿಗೆ ತಿಳಿಯದ ಭಾಷೆಯ ಆರು ಪುಟ ಕೊಟ್ಟು ಕೊನೆಯ ಪುಟದಲ್ಲಿ ಸಹಿ ಕೇಳಿದ್ದೆ. ಸಹಿ ಹಾಕದಿದ್ದರೆ ಮಗುವಿನ ಪಾಠ ನಿಲ್ಲುತ್ತದೆಂದರೆ ಆ ಸಹಿಯನ್ನು ಒಪ್ಪಿಗೆ ಎನ್ನಬಹುದೇ? ಬೇಡವೆನ್ನುವ ದಾರಿಯಿದ್ದಾಗ ಮಾತ್ರ ಬೇಕು ಎಂಬ ಮಾತಿಗೆ ಬೆಲೆ.

ಆ ರಾತ್ರಿ ಆರು ಪುಟಗಳನ್ನು ಕುಳಿತು ಓದಿದೆ. ಮಾಹಿತಿಯನ್ನು ಅಗತ್ಯವಿರುವಷ್ಟು ಕಾಲ ಇಟ್ಟುಕೊಳ್ಳಲಾಗುವುದು ಎಂದು ನಾಲ್ಕನೆಯ ಪುಟದಲ್ಲಿತ್ತು. ಯಾರ ಅಗತ್ಯ ಎಂದು ಇರಲಿಲ್ಲ. ಮುಂದಿನ ಸಭೆಯಲ್ಲಿ ಅದನ್ನು ಓದಿ ಹೇಳಿದೆ. ಫಾದರ್ ಕೆಲಸ ತಡ ಮಾಡುತ್ತಿದ್ದಾರೆ ಎಂದು ಒಬ್ಬಿಬ್ಬರು ಬೇಸರಪಟ್ಟರು. ಅವರಲ್ಲೂ ತಪ್ಪಿಲ್ಲ, ಜೂನ್ ಮುಗಿಯುತ್ತಾ ಬಂದಿತ್ತು. ಕೊನೆಗೆ ಕಂಪನಿಗೆ ಪತ್ರ ಬರೆದೆವು. ಪರೀಕ್ಷೆಯ ಅಂಕಗಳು ಎಂದಿನಂತೆ ಶಾಲೆಯ ಪುಸ್ತಕದಲ್ಲಿರಲಿ. ಅಭ್ಯಾಸದ ತಪ್ಪುಗಳು, ಗಂಟೆ ನಿಮಿಷಗಳ ಲೆಕ್ಕ, ತಡವಾದದ್ದರ ಕೆಂಪು ಗುರುತು ಇವೆಲ್ಲವನ್ನೂ ಪ್ರತಿ ವರ್ಷ ಮೇ ತಿಂಗಳಲ್ಲಿ ಅಳಿಸಿ ಲಿಖಿತವಾಗಿ ತಿಳಿಸಬೇಕು ಎಂದು ಕೇಳಿದೆವು. ಮೊಬೈಲ್ ಇಲ್ಲದ ಮನೆಯ ಮಗುವಿಗೆ ಅದೇ ಮನೆಗೆಲಸವನ್ನು ಕಾಗದದಲ್ಲಿ ಕೊಡುವುದೆಂದೂ, ಅದನ್ನು ತಡವೆಂದು ಗುರುತಿಸಬಾರದೆಂದೂ ಶಿಕ್ಷಕರು ತಾವೇ ತೀರ್ಮಾನಿಸಿದರು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿದೆವು. ನನಗೆ ಆ ಒಂದು ಪುಟ ಬರೆಯಲು ಭಾನುವಾರದ ಎರಡು ಪ್ರಬೋಧನೆಗಳಿಗಿಂತ ಹೆಚ್ಚು ಹೊತ್ತು ಬೇಕಾಯಿತು.

ಕಂಪನಿಯ ಉತ್ತರ ಬರುವವರೆಗೆ ಹಳೆಯ ನೋಟ್‌ಬುಕ್ಕೇ ನಡೆಯಲಿ ಎಂದಾಯಿತು. ಆ ತಾಯಿಗೆ ಕನ್ನಡದ ಪತ್ರವನ್ನು ನಾನೇ ಕೊಟ್ಟೆ. ಅವರು ಅಲ್ಲಿಯೇ ನಿಂತು, ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡು, "ಮನೆಯವರಿಗೂ ತೋರಿಸಿ, ಮಗನಿಗೂ ಓದಿ ಹೇಳಿ ತರ್ತೀನಿ ಫಾದರ್" ಎಂದರು. ಅವರು ಹೊರಡುವ ಹೊತ್ತಿಗೆ ಅಜ್ಜಂಪುರದ ಕಡೆಯ ಬಸ್ಸು ಬಂದಿತ್ತು.